ಕೆಜಿಎಫ್ ಯಂತ್ರಗಳನ್ನು ಗುಜರಿ ತೂಕಕ್ಕೆ ಹಾಕಬೇಡಿ

ಕೇಂದ್ರ ಗಣಿ ಸಚಿವರಿಗೆ, ಕರ್ನಾಟಕದ ಮುಖ್ಯಮಂತ್ರಿಗಳಿಗೆ, ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಕೋಲಾರದ ಚಿನ್ನದ ಗಣಿ 2001ರ ಫೆಬ್ರುವರಿ 28ಕ್ಕೆ ನಿಂತಿತು. ಅಲ್ಲಿಂದೀಚೆಗೆ ಆ ಊರಿನ ಬಗ್ಗೆ ಸರ್ಕಾರಗಳು ಮಾತಾಡಿದ್ದು ಹೆಚ್ಚಾಗಿ ಚಿನ್ನ, ದಿಬ್ಬ, ಜಮೀನು, ಇಷ್ಟರ ಬಗ್ಗೆಯೇ. ಚಿನ್ನ ತೆಗೆದ ಮೇಲೆ ಉಳಿದ ಕಲ್ಲಿನ ಪುಡಿ ರಾಶಿಬಿದ್ದ 13 ಸೈನೈಡ್ ದಿಬ್ಬಗಳಲ್ಲಿ ಸುಮಾರು 3.3 ಕೋಟಿ ಟನ್ ಮಣ್ಣಿದೆ, ಅದರೊಳಗೆ ಇನ್ನೂ ಚಿನ್ನ ಉಳಿದಿದೆ, ಹರಾಜು ಹಾಕಿ ತೆಗೆಸೋಣ ಎಂಬ ಲೆಕ್ಕಾಚಾರ ನಡೆದಿದೆ. ನಡೆಯಲಿ, ಬೇಡ ಎನ್ನುವವನು ನಾನಲ್ಲ. ಆ ಊರಿಗೆ ಕೆಲಸ ಬೇಕು. ಆದರೆ ಅಷ್ಟೂ ಕಲ್ಲನ್ನು ಪಾತಾಳದಿಂದ ಮೇಲೆತ್ತಿದ, ಪುಡಿ ಮಾಡಿದ, ಅದಕ್ಕೆ ಅಡ್ಡ ಬಂದ ನೀರನ್ನು ಹೊರಹಾಕಿದ ಯಂತ್ರಗಳಲ್ಲಿ ಯಾವುದು ಉಳಿದಿದೆ, ಯಾವುದು ಹೋಗಿದೆ ಎಂಬ ಪಟ್ಟಿಯನ್ನು ಯಾರೂ ಜನರ ಮುಂದೆ ಇಟ್ಟದ್ದನ್ನು ನಾನು ಕಂಡಿಲ್ಲ. ದಿಬ್ಬದ ಮಣ್ಣಿಗಿರುವ ಲೆಕ್ಕ ಯಂತ್ರಕ್ಕಿಲ್ಲ. ಈ ಪತ್ರ ಆ ಲೆಕ್ಕಕ್ಕಾಗಿ.

ನಾನು ಫೌಂಡ್ರಿಯಲ್ಲಿ, ಅಂದರೆ ಎರಕದ ಕಾರ್ಖಾನೆಯಲ್ಲಿ, ಪ್ಯಾಟರ್ನ್ ಮಾಡಿಕೊಂಡು ಬದುಕಿದವನು. ಕರಗಿದ ಬೀಡು ಕಬ್ಬಿಣವನ್ನು ಅಚ್ಚಿಗೆ ಸುರಿಯುವ ಮೊದಲು ಅದರ ರೂಪವನ್ನು ಮರದಲ್ಲಿ ಕೆತ್ತಿಕೊಡುವುದು ನನ್ನ ಕಸುಬು. ಹಾಗಾಗಿ ಹಳೆಯ ಯಂತ್ರವೊಂದನ್ನು ಕಂಡರೆ ಅದರ ನೇಮ್‌ಪ್ಲೇಟಿಗಿಂತ ಮೊದಲು ನನ್ನ ಕಣ್ಣು ಎರಕದ ಮೇಲೆ ಹೋಗುತ್ತದೆ. ಅಚ್ಚಿನ ಎರಡು ಪೆಟ್ಟಿಗೆ ಕೂಡಿದ ಗೆರೆ ಎಲ್ಲಿದೆ, ಒಳಗಿನ ಟೊಳ್ಳಿಗೆಂದು ಇಡುವ ಕೋರ್ ಹೇಗೆ ಕೂರಿಸಿದ್ದಾರೆ, ಮೂಲೆಗಳನ್ನು ಎಷ್ಟು ದುಂಡಗೆ ಬಿಟ್ಟಿದ್ದಾರೆ, ಇದನ್ನೆಲ್ಲ ನೋಡುತ್ತೇನೆ. ಹಾಗೆ ನೋಡುವ ಅಭ್ಯಾಸವಿರುವುದರಿಂದಲೇ ಈ ಪತ್ರ ಬರೆಯುವ ಧೈರ್ಯ ಮಾಡಿದ್ದೇನೆ.

ಕೆಜಿಎಫ್ ಎಂದರೆ ಚಿನ್ನ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಅಲ್ಲಿ ಚಿನ್ನವಿದೆ ಎಂಬುದು ಬ್ರಿಟಿಷರು ಕಂಡುಹಿಡಿದ ಸಂಗತಿಯಲ್ಲ. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಮಾರಿಕುಪ್ಪಂ ಕಡೆ ಬಂದಾಗಲೇ ಊರಿನ ಜನ ಹಳೆಯ ಗುಂಡಿಗಳಿಗೆ ಇಳಿದು ಕಲ್ಲು ತಂದು, ಕುಟ್ಟಿ, ತೊಳೆದು ಚಿನ್ನ ತೆಗೆಯುತ್ತಿದ್ದರು. ಅವರಿಗೆ ಅಡ್ಡ ಬಂದದ್ದು ನೀರು, ಗಾಳಿ ಮತ್ತು ಆಳ. ಒಂದು ಮಟ್ಟದಿಂದ ಕೆಳಗೆ ನೀರು ತುಂಬುತ್ತದೆ, ಉಸಿರಾಡಲು ಗಾಳಿ ಸಾಲದು, ಕಲ್ಲನ್ನು ತಲೆ ಮೇಲೆ ಹೊತ್ತು ಹತ್ತುವುದು ಸಾಧ್ಯವಿಲ್ಲ. 1870ರ ದಶಕದಲ್ಲಿ ನ್ಯೂಜಿಲೆಂಡ್ ಯುದ್ಧದಿಂದ ಬಂದ ಲಾವೆಲ್ ಎಂಬ ಐರಿಷ್ ಸೈನಿಕ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದ. ಅವನಿಂದಲೂ ಹೆಚ್ಚೇನೂ ಆಗಲಿಲ್ಲ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕೈಗೆ ಬಂದ ಮೈಸೂರು ಮೈನ್ ಕೂಡ ಮೊದಲ ಕೆಲವು ವರ್ಷ ಹಣ ನುಂಗಿತೇ ಹೊರತು ಚಿನ್ನ ಕೊಡಲಿಲ್ಲ. 1883ರಲ್ಲಿ ಬಂದ ಕ್ಯಾಪ್ಟನ್ ಪ್ಲಮರ್ ನಮ್ಮವರು ತೋಡಿ ಬಿಟ್ಟಿದ್ದ ಗುಂಡಿಗಳ ಕೆಳಕ್ಕೆ ಹೋದಾಗ ಚಾಂಪಿಯನ್ ಲೋಡ್ ಎಂಬ ಚಿನ್ನದ ಅದಿರಿನ ಪಟ್ಟಿ ಸಿಕ್ಕಿತು. ಹಳಬರು ಹುಡುಕಿದ ಜಾಗ ಸರಿಯಾಗಿಯೇ ಇತ್ತು. ಅವರ ಬಳಿ ಇಲ್ಲದೇ ಇದ್ದದ್ದು ಪಂಪು ಮತ್ತು ಹಗ್ಗ ಸುತ್ತಿ ಕಲ್ಲನ್ನೂ ಜನರನ್ನೂ ಮೇಲೆತ್ತುವ ವೈಂಡರ್, ಅಂದರೆ ಬೀಡು ಮತ್ತು ಉಕ್ಕಿನ ಯಂತ್ರ.

ಆ ಯಂತ್ರ ಎಲ್ಲಿಂದ ಬಂತು ಎಂಬ ಕಥೆಯನ್ನು ನಮ್ಮ ಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ: 'ಇಂಗ್ಲೆಂಡಿನಿಂದ ತರಿಸಲಾಯಿತು.' ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್ ತವರ ಮತ್ತು ತಾಮ್ರದ ಗಣಿಗಳ ಸೀಮೆ. ನೀರೆತ್ತುವ ಉಗಿಯಂತ್ರವನ್ನು ಪಳಗಿಸಿದ ಜನ ಅಲ್ಲಿಯವರು. ಹೇಲ್ ಎಂಬ ಊರಿನ ಹಾರ್ವೆ ಫೌಂಡ್ರಿ 1779ರಿಂದ ಗಣಿಗಳಿಗೆ ಎರಕ ಹೊಯ್ದುಕೊಡುತ್ತಿತ್ತು. ಹಾಲೆಂಡಿನಲ್ಲಿ ಒಂದು ದೊಡ್ಡ ಸರೋವರವನ್ನೇ ಬತ್ತಿಸಲು ಅವರು 144 ಇಂಚು ವ್ಯಾಸದ ಸಿಲಿಂಡರ್ ಹೊಯ್ದರು. ಹನ್ನೆರಡು ಅಡಿ ಅಗಲದ ಸಿಲಿಂಡರನ್ನು ಒಳಗೆ ಒಂದು ಗುಳ್ಳೆ ಬಾರದಂತೆ ಎರಕ ಹೊಯ್ಯುವುದೆಂದರೆ ಏನೆಂದು ಫೌಂಡ್ರಿಯಲ್ಲಿ ನಿಂತವರಿಗೆ ಗೊತ್ತು. ಅಲ್ಲಿನ ಗಣಿಗಳು ಸೊರಗಿದಾಗ ಗಣಿಗಾರರು ಹೊಟ್ಟೆಪಾಡಿಗೆ ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ, ಮೆಕ್ಸಿಕೊಗಳಿಗೆ ಹೋದರು. ಕೆಲವರು ಕೋಲಾರಕ್ಕೂ ಬಂದರು. ಪ್ಲಮರ್ ಹೆಸರಿನ ಹಿಂದಿರುವ 'ಕ್ಯಾಪ್ಟನ್' ಸೈನ್ಯದ ಪದವಿಯಲ್ಲ, ಕಾರ್ನ್‌ವಾಲ್ ಗಣಿಗಳಲ್ಲಿ ಮೇಲ್ವಿಚಾರಕನಿಗೆ ಇದ್ದ ಹೆಸರು.

ಇನ್ನು ಆ ಯಂತ್ರ ಮಾರಿಕುಪ್ಪಂ ತಲುಪುವ ದಾರಿ. ಹಡಗಿನಲ್ಲಿ ಮದರಾಸು, ಅಲ್ಲಿಂದ ರೈಲಿನಲ್ಲಿ ಬೌರಿಂಗ್‌ಪೇಟೆ, ಅಂದರೆ ಇಂದಿನ ಬಂಗಾರಪೇಟೆ. ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂಗೆ ರೈಲು ಬಂದದ್ದು 1894ರಲ್ಲಿ. ಅದಕ್ಕೂ ಮೊದಲು ಬಾಯ್ಲರ್, ಫ್ಲೈವೀಲ್, ಸ್ಟಾಂಪ್ ಮಿಲ್ಲಿನ ತಳದ ಪೆಟ್ಟಿಗೆ, ಎಲ್ಲವೂ ಎತ್ತಿನ ಗಾಡಿಯ ಮೇಲೆಯೇ ಬರಬೇಕಿತ್ತು. ಯಂತ್ರ ಒಮ್ಮೆ ಬಂದು ಕೂತರೆ ಮುಗಿಯಿತೇ? ಇಲ್ಲ. ಗಣಿ ಯಂತ್ರ ಸವೆಯುವಷ್ಟು ವೇಗವಾಗಿ ಬೇರೆ ಯಾವ ಯಂತ್ರವೂ ಸವೆಯುವುದಿಲ್ಲ. ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇಲ್ಲಿಂದ ಶುರುವಾಗುತ್ತದೆ.

ಸ್ಟಾಂಪ್ ಮಿಲ್ಲನ್ನೇ ತೆಗೆದುಕೊಳ್ಳಿ. ಅದು ಕಬ್ಬಿಣದ ಒನಕೆಗಳ ಸಾಲು. ತಿರುಗುವ ದಂಡದ ಮೇಲೆ ಚಾಚಿಕೊಂಡಿರುವ ಬಾಗಿದ ತುಂಡುಗಳು, ಅಂದರೆ ಕ್ಯಾಮುಗಳು, ಒನಕೆಯನ್ನು ಎತ್ತಿ ಬಿಡುತ್ತವೆ, ಅದು ತನ್ನ ತೂಕಕ್ಕೇ ಬಿದ್ದು ಕೆಳಗಿನ ಪೆಟ್ಟಿಗೆಯಲ್ಲಿರುವ ಬೆಣಚುಕಲ್ಲನ್ನು ಜಜ್ಜುತ್ತದೆ. ಆ ಕಾಲದ ಮಿಲ್ಲುಗಳಲ್ಲಿ ಒಂದೊಂದು ಒನಕೆ 300ರಿಂದ 600 ಕೆಜಿ ತೂಗುತ್ತಿತ್ತು. ನಿಮಿಷಕ್ಕೆ 90ರಿಂದ 100 ಪೆಟ್ಟು, ಅಂದರೆ ಹಗಲೂ ರಾತ್ರಿ ಓಡಿದರೆ ಒಂದೇ ಒನಕೆಗೆ ದಿನಕ್ಕೆ ಲಕ್ಷಕ್ಕೂ ಮೀರಿದ ಪೆಟ್ಟು. ಪೆಟ್ಟು ಬೀಳುವುದು ಬೆಣಚಿನ ಮೇಲೆ. ಒನಕೆಯ ತುದಿಗೆ ಹಾಕುವ 'ಶೂ', ಕೆಳಗೆ ಅದನ್ನು ಎದುರಿಸುವ 'ಡೈ', ಎರಡೂ ಕಲ್ಲಿನ ಜೊತೆಗೇ ಸವೆಯುತ್ತವೆ. ಕೆಲವೇ ತಿಂಗಳಲ್ಲಿ ಹೊಸ ಶೂ ಬೇಕು, ಹೊಸ ಡೈ ಬೇಕು. ಕ್ಯಾಮು ಸವೆಯುತ್ತದೆ, ಬೇರಿಂಗಿನ ಹಿತ್ತಾಳೆ ಸವೆಯುತ್ತದೆ, ಪಂಪಿನ ವಾಲ್ವ್ ಕೂರುವ ಜಾಗ ಗಣಿಯ ಮರಳುನೀರಿಗೆ ಕೊರೆದುಹೋಗುತ್ತದೆ. ಪ್ರತಿ ಸಲವೂ ಇಂಗ್ಲೆಂಡಿಗೆ ಬರೆದು, ಅವರು ಹೊಯ್ದು, ಹಡಗಿಗೆ ಹಾಕಿ, ಅದು ಮದರಾಸಿಗೆ ಬಂದು ಇಳಿಯುವ ತನಕ ಗಣಿ ನಿಂತಿರಲು ಸಾಧ್ಯವೇ? ಪಂಪು ನಿಂತರೆ ಗಣಿಯಲ್ಲಿ ನೀರು ಏರುತ್ತದೆ. ನೀರಿಗೆ ಹಡಗಿನ ವೇಳಾಪಟ್ಟಿ ಗೊತ್ತಿಲ್ಲ.

ಆದ್ದರಿಂದ ಗಣಿ ಕಂಪನಿಗಳು ಸ್ಥಳದಲ್ಲೇ ವರ್ಕ್‌ಶಾಪ್ ಕಟ್ಟಿದವು. ಕುಲುಮೆ ಬಂತು, ಲೇತ್ ಬಂತು, ಎರಕದ ಮನೆ ಬಂತು. ಅಲ್ಲಿ ಕೆಲಸ ಕಲಿತವರು ಉತ್ತರ ಆರ್ಕಾಟ್, ಚಿತ್ತೂರು, ಕೋಲಾರ ಸೀಮೆಗಳಿಂದ ಬಂದ ಜನ. ಹೊಸದಾಗಿ ಬಂದ ಯಂತ್ರದ ಮೇಲೆ ಬ್ರಿಟಿಷ್ ಫೌಂಡ್ರಿಯ ಹೆಸರು ಉಬ್ಬಕ್ಷರದಲ್ಲಿ ಎದ್ದು ಕಾಣುತ್ತಿತ್ತು. ಹತ್ತು ವರ್ಷ ಕಳೆದ ಮೇಲೆ ಅದೇ ಯಂತ್ರದೊಳಗಿನ ಎಷ್ಟೋ ಭಾಗಗಳು ಇಲ್ಲಿಯೇ ಹೊಯ್ದವಾಗಿರುತ್ತಿದ್ದವು. ಅವುಗಳ ಮೇಲೆ ಯಾರ ಹೆಸರೂ ಇಲ್ಲ. ಮಾನ್ಯರೇ, ನನ್ನ ಕೋರಿಕೆಯ ತಿರುಳು ಇದು: ಆ ಹೆಸರಿಲ್ಲದ ಎರಕಗಳು ಹೆಸರಿರುವ ಎರಕದಷ್ಟೇ ಅಮೂಲ್ಯ, ನಮ್ಮ ಮಟ್ಟಿಗೆ ಅದಕ್ಕಿಂತ ಹೆಚ್ಚು. ಹೆಸರಿರುವ ಯಂತ್ರದ ಜೋಡಿ ಜಗತ್ತಿನ ಬೇರೆ ಎಲ್ಲಾದರೂ ಸಿಕ್ಕೀತು. ಇಲ್ಲಿನ ಕೈಗಳು ಸವೆದ ಭಾಗವನ್ನು ನೋಡಿ ಹೊಸದು ಮಾಡಿದ ಗುರುತು ಇಲ್ಲಿ ಬಿಟ್ಟರೆ ಇನ್ನೆಲ್ಲೂ ಸಿಗುವುದಿಲ್ಲ.

ಅದು ಸುಲಭದ ಕೆಲಸವೆಂದು ಯಾರೂ ತಿಳಿಯಬಾರದು. ಬೀಡು ಕರಗಿದ್ದಾಗ ಒಂದು ಅಳತೆ, ಆರಿದ ಮೇಲೆ ಇನ್ನೊಂದು ಅಳತೆ. ಆರುವಾಗ ಅಡಿಗೆ ಸುಮಾರು ಇಂಚಿನ ಎಂಟನೇ ಒಂದು ಭಾಗ ಕುಗ್ಗುತ್ತದೆ. ಉಕ್ಕಾದರೆ ಅದರ ಎರಡರಷ್ಟು. ಅದಕ್ಕೇ ಪ್ಯಾಟರ್ನ್ ಮಾಡುವವನ ಸ್ಕೇಲು ಬೇರೆ, ಅದರ ಒಂದು ಅಡಿ ಅಂಗಡಿಯಲ್ಲಿ ಸಿಗುವ ಸ್ಕೇಲಿನ ಅಡಿಗಿಂತ ಒಂಚೂರು ಉದ್ದ. ಲೇತಿನಲ್ಲಿ ಕಡೆಯಬೇಕಾದ ಕಡೆ ಇನ್ನಷ್ಟು ದಪ್ಪ ಬಿಡಬೇಕು. ಮರಳಿನಿಂದ ಪ್ಯಾಟರ್ನ್ ಮೇಲೆತ್ತುವಾಗ ಅಚ್ಚು ಒಡೆಯದಂತೆ ಗೋಡೆಗಳನ್ನು ತುಸು ಓರೆ ಮಾಡಬೇಕು. ಇದೆಲ್ಲ ಡ್ರಾಯಿಂಗ್ ಕೈಯಲ್ಲಿದ್ದಾಗಿನ ಮಾತು. ಡ್ರಾಯಿಂಗ್ ಇಲ್ಲದೆ, ಸವೆದು ಅರ್ಧವಾದ ಒಂದು ಕ್ಯಾಮನ್ನು ಮುಂದಿಟ್ಟು 'ಇಂಥದ್ದೇ ಇನ್ನೊಂದು ಮಾಡು' ಎಂದರೆ ಮೊದಲು ಅದು ಸವೆಯುವುದಕ್ಕೆ ಮುಂಚೆ ಹೇಗಿತ್ತೆಂದು ಊಹಿಸಬೇಕು. ಎಲ್ಲಿ ಹೆಚ್ಚು ತಿಕ್ಕಾಟವಾಗಿದೆ, ಅದು ಕೂರುತ್ತಿದ್ದ ಜಾಗ ಎಷ್ಟು ಸಡಿಲವಾಗಿದೆ ಎಂದು ನೋಡಿ ಕಳೆದುಹೋದ ಲೋಹವನ್ನು ಮನಸ್ಸಿನಲ್ಲೇ ತುಂಬಬೇಕು. ಆಮೇಲೆ ಕುಗ್ಗುವ ಲೆಕ್ಕ ಸೇರಿಸಬೇಕು. ಶೂ, ಡೈಗಳಿಗೆ ಇನ್ನೂ ಒಂದು ತೊಡಕು ಇದೆ. ಮುಖ ಗಾಜಿನಷ್ಟು ಗಟ್ಟಿಯಿರಬೇಕು, ಆದರೆ ಪೆಟ್ಟು ಬಿದ್ದರೆ ಬಿರುಕು ಬಿಡಬಾರದು. ಅದಕ್ಕೆ ಅಚ್ಚಿನ ಆ ಭಾಗಕ್ಕೆ ಮರಳಿನ ಬದಲು ಕಬ್ಬಿಣವನ್ನೇ ಇಟ್ಟು ಬೀಡು ಅಲ್ಲಿ ಬೇಗ ಆರುವಂತೆ ಮಾಡುವ ಉಪಾಯವುಂಟು. ಎಷ್ಟು ಬೇಗ ಆರಬೇಕು ಎಂಬ ಹದ ಬರುವುದು ಕೈಯಿಂದಲೇ. ಈ ಹದವನ್ನು ಯಾವ ಪುಸ್ತಕವೂ ಪೂರ್ತಿ ಕಲಿಸುವುದಿಲ್ಲ. ಎರಡು ಮಹಾಯುದ್ಧಗಳ ಕಾಲದಲ್ಲಿ ಹಡಗು ಸಿಗದೆ ಬಿಡಿಭಾಗಗಳು ಬರುವುದು ಕಷ್ಟವಾದಾಗ ಇಂಥ ಕೈಗಳಿಲ್ಲದೆ ಯಾವ ಗಣಿ ತಾನೇ ನಡೆದೀತು?

ಗಣಿಯ ಯಂತ್ರಗಳು ಕನ್ನಡ ನಾಡಿಗೆ ಕೊಟ್ಟದ್ದು ಚಿನ್ನದ ರಾಜಧನ ಮಾತ್ರವಲ್ಲ. ಮೊದಲ ಇಪ್ಪತ್ತು ವರ್ಷ ಬಾಯ್ಲರುಗಳಿಗೆ ಸೌದೆ ತಿನ್ನಿಸಿ ತಿನ್ನಿಸಿ ಸುತ್ತಮುತ್ತಲ ಕಾಡು ಬರಿದಾಗಿತ್ತು, ಕಲ್ಲಿದ್ದಲು ದೂರದಿಂದ ಬರಬೇಕಿತ್ತು. ಗಣಿಗಳಿಗೆ ಸುಮಾರು 4,000 ಅಶ್ವಶಕ್ತಿ ಬೇಕು ಎಂಬ ಒಪ್ಪಂದದ ಬಲದ ಮೇಲೆಯೇ ದಿವಾನ್ ಶೇಷಾದ್ರಿ ಅಯ್ಯರ್ ಮತ್ತು ಎಂಜಿನಿಯರ್ ಡಿ ಲಾಟ್ಬಿನಿಯರ್ ಶಿವನಸಮುದ್ರದ ಯೋಜನೆ ಕೈಗೆತ್ತಿಕೊಂಡರು. ಟರ್ಬೈನು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯದು, ಜನರೇಟರು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನದು. 1902ರ ಜೂನ್ 30ರಂದು 147 ಕಿಲೋಮೀಟರ್ ದೂರದ ಕೋಲಾರಕ್ಕೆ ವಿದ್ಯುತ್ ಹರಿಯಿತು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು 1905ರಲ್ಲಿ, ಗಣಿಗೆ ಬಂದ ಮೂರು ವರ್ಷದ ಮೇಲೆ. ನಾಡಿನ ಅಕ್ಕಿ ಗಿರಣಿ, ಎಣ್ಣೆ ಮಿಲ್ಲು, ನೂಲಿನ ಗಿರಣಿಗಳಿಗೆ ಮುಂದೆ ವಿದ್ಯುತ್ ಸಿಕ್ಕ ದಾರಿಯೂ ಇದೇ. ಆ ಮೊದಲ ವಿದ್ಯುತ್ ಸೆಕೆಂಡಿಗೆ 25 ಸೈಕಲ್ಲಿನದು. ಅದಕ್ಕೆ ಸುತ್ತಿದ ಮೋಟರು ಇಂದಿನ 50 ಸೈಕಲ್ಲಿಗೆ ಹಾಗೆಯೇ ಹೊಂದುವುದಿಲ್ಲ. ಗುಜರಿಯವನಿಗೆ ಅದು ತಾಮ್ರದ ತಂತಿ ಮಾತ್ರ. ಎಂಜಿನಿಯರಿಂಗ್ ಓದುವ ಮಕ್ಕಳಿಗೆ ಅದು ಒಂದು ಇಡೀ ಕಾಲದ ಪಾಠ.

ಆಳದ ಮಾತು ಬಂದರೆ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತಲೂ ಕೆಳಗೆ ಇಳಿದಿತ್ತು. ಆಗಿನ ಕಾಲಕ್ಕೆ ಒಂದೇ ಹಗ್ಗದಲ್ಲಿ ಅಷ್ಟು ಆಳಕ್ಕೆ ಇಳಿಸಲಾಗುತ್ತಿರಲಿಲ್ಲ, ಹಗ್ಗದ ತೂಕವೇ ಹಗ್ಗಕ್ಕೆ ಭಾರವಾಗುತ್ತಿತ್ತು. ಹಾಗಾಗಿ ನೆಲದಡಿಯಲ್ಲೇ ಇನ್ನೊಂದು ವೈಂಡರ್ ಕೂರಿಸಿ ಅಲ್ಲಿಂದ ಮತ್ತೆ ಕೆಳಕ್ಕೆ ಇಳಿಯುತ್ತಿದ್ದರು. ಆ ಯಂತ್ರಗಳನ್ನು ಬಿಡಿಬಿಡಿಯಾಗಿ ಶಾಫ್ಟಿನಲ್ಲಿ, ಅಂದರೆ ಗಣಿಗೆ ಇಳಿಯುವ ಬಾವಿಯಲ್ಲಿ, ಇಳಿಸಿ, ಕತ್ತಲಲ್ಲಿ, ಕಲ್ಲೇ ಕಾದಿರುವ ಸೆಕೆಯಲ್ಲಿ ಜೋಡಿಸಿದ ಫಿಟ್ಟರುಗಳ ಕೆಲಸವನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಅದೇ ಗಣಿಯ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಉಪಕರಣ ಇಟ್ಟು 1965ರಲ್ಲಿ ವಾತಾವರಣದಿಂದ ಬರುವ ನ್ಯೂಟ್ರಿನೊಗಳ ಸುಳಿವು ಹಿಡಿದರು. ಜಗತ್ತಿನಲ್ಲಿ ಅದನ್ನು ಮೊದಲು ಕಂಡವರಲ್ಲಿ ಅವರೂ ಸೇರಿದ್ದಾರೆ. ಅವರ ಟನ್ನುಗಟ್ಟಲೆ ಉಪಕರಣವನ್ನು ಕೆಳಗಿಳಿಸಿದ್ದು ಗಣಿಯ ಇದೇ ವೈಂಡರುಗಳು, ಶಾಫ್ಟಿನ ಬಾಯಲ್ಲಿ ನಿಂತು ಇಳಿಸುವ, ಏರಿಸುವ ಕೆಲಸ ನೋಡುವ ಇದೇ ಬ್ಯಾಂಕ್ಸ್‌ಮನ್ನುಗಳು.

ಈ ಯಂತ್ರಗಳನ್ನು ಹೊಗಳುವಾಗ ಅವು ಮಾಡಿದ ಕೇಡನ್ನು ಮುಚ್ಚಿಡಲು ನಾನು ತಯಾರಿಲ್ಲ. ಲಾಭದ ಬಹುಪಾಲು ಲಂಡನ್ನಿನ ಷೇರುದಾರರಿಗೆ ಹೋಯಿತು. ಗಾಳಿ ಒತ್ತಡದ ಡ್ರಿಲ್ಲು ಬಂದು ಕೆಲಸ ಜೋರಾಯಿತು, ಅದರೊಂದಿಗೆ ಕಣ್ಣಿಗೆ ಕಾಣದ ಬೆಣಚಿನ ಧೂಳು ಶ್ವಾಸಕೋಶ ಸೇರಿತು. 1940ರ ದಶಕದಲ್ಲಿ ವೈದ್ಯರು ಇಲ್ಲಿನ ಕಾರ್ಮಿಕರನ್ನು ಪರೀಕ್ಷಿಸಿದಾಗ ಈ ಧೂಳಿನಿಂದ ಬರುವ ಸಿಲಿಕೋಸಿಸ್ ರೋಗ ಎಷ್ಟು ವ್ಯಾಪಕವಾಗಿದೆ ಎಂಬುದು ಬಯಲಾಯಿತು. ರಾಕ್‌ಬರ್ಸ್ಟ್ ಆಗಿ ಬಂಡೆ ಸಿಡಿದು ಸತ್ತವರ ಮನೆಗಳು ಕಾರ್ಮಿಕರ ಲೈನುಮನೆಗಳ ಸಾಲಿನಲ್ಲಿ ಇಂದಿಗೂ ಇವೆ. ಶಾಫ್ಟುಗಳಿಗೆ ಎಡ್ಗರ್, ಟೆನೆಂಟ್, ಗಿಫರ್ಡ್ ಎಂದು ದೊರೆಗಳ ಹೆಸರಿಟ್ಟರು. ಅಲ್ಲಿ ಸತ್ತ ದಲಿತ ಕಾರ್ಮಿಕನ ಹೆಸರಿನ ಒಂದು ಶಾಫ್ಟನ್ನು ನಾನು ಕೇಳಿಲ್ಲ. ಯಂತ್ರವನ್ನು ಉಳಿಸಿ ತೋರಿಸುವವರು ಇದನ್ನೂ ಅದೇ ಫಲಕದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ ಬರೆಯಬೇಕು. ಡ್ರಿಲ್ಲನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಧೂಳಿನ ಮಾತೆತ್ತದ ಮ್ಯೂಸಿಯಂ ನಮಗೆ ಬೇಡ.

'ಹಳೇ ಕಬ್ಬಿಣಕ್ಕೆ ಯಾಕಿಷ್ಟು ರಗಳೆ' ಎನ್ನುವವರೂ ಇದ್ದಾರೆ. ಅವರಿಗೆ ಕಾರ್ನ್‌ವಾಲಿನ ಲೆವಾಂಟ್ ಗಣಿಯ ಉದಾಹರಣೆ ಕೊಡುತ್ತೇನೆ. 1840ರಲ್ಲಿ ಹಾರ್ವೆ ಫೌಂಡ್ರಿ ಮಾಡಿಕೊಟ್ಟ ವೈಂಡಿಂಗ್ ಎಂಜಿನ್ ಅಲ್ಲಿತ್ತು. 1930ರಲ್ಲಿ ಗಣಿ ಮುಚ್ಚಿತು, ಎಂಜಿನ್ ಗುಜರಿಗೆ ಹೋಗುವುದರಲ್ಲಿತ್ತು. 1935ರಲ್ಲಿ ಕೆಲವು ಮಂದಿ ಸೇರಿ ಸಮಿತಿ ಕಟ್ಟಿ ಅದನ್ನು ಉಳಿಸಿಕೊಂಡರು. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಸುಮ್ಮನೆ ನಿಂತಿದ್ದ ಆ ಎಂಜಿನ್ನಿಗೆ ಸ್ವಯಂಸೇವಕರು ಬಿಡುವಿನಲ್ಲಿ ದುಡಿದು ಮತ್ತೆ ಜೀವ ಕೊಟ್ಟರು, 1993ರಲ್ಲಿ ಅದು ಉಗಿಯಿಂದ ಓಡಿತು. 2006ರಲ್ಲಿ ಆ ಇಡೀ ಗಣಿ ಸೀಮೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಷ್ಟು ದೂರ ಯಾಕೆ, ಮೈಸೂರಿನ ರೈಲ್ವೆ ಮ್ಯೂಸಿಯಂ 1979ರಲ್ಲಿ ಆರಂಭವಾಗದಿದ್ದರೆ ಅಲ್ಲಿರುವ ಎಷ್ಟು ಎಂಜಿನುಗಳು ಇಂದು ಉಳಿದಿರುತ್ತಿದ್ದವು? ಅಂಥ ಎಚ್ಚರ ಗಣಿಯ ವಿಷಯದಲ್ಲಿ ನಮಗೆ ಬರಲಿಲ್ಲ.

ಕಾನೂನು ಕೂಡ ನಮ್ಮ ಕೈ ಕಟ್ಟಿಲ್ಲ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ, ಗತಕಾಲದ ವಿಜ್ಞಾನವನ್ನೋ ಕರಕುಶಲವನ್ನೋ ತೋರಿಸಿಕೊಡುವ ವಸ್ತುವೂ ಪ್ರಾಚ್ಯವಸ್ತುವೇ. ಶಿಲ್ಪ, ನಾಣ್ಯ, ತಾಮ್ರಪಟಗಳಿಗೆ ಮಾತ್ರ ಅದು ಸೀಮಿತವಲ್ಲ. ಕೆಜಿಎಫ್‌ನಲ್ಲಿ 1880 ಮತ್ತು 1920ರ ನಡುವೆ ಬಂದು ಕೂತ ಯಂತ್ರಗಳಿಗೆಲ್ಲ ನೂರು ವರ್ಷ ತುಂಬಿದೆ. ಪುರಾತತ್ವ ಇಲಾಖೆಯವರು ಹಳ್ಳಿ ಹಳ್ಳಿಯ ವೀರಗಲ್ಲನ್ನು ಹುಡುಕಿ ದಾಖಲಿಸಿದ ಶ್ರದ್ಧೆಗೆ ನಾನು ಕೈಮುಗಿಯುತ್ತೇನೆ. ಅದೇ ಶ್ರದ್ಧೆಯಿಂದ ಒಮ್ಮೆ ಗಣಿಯ ಬೇಲಿಯೊಳಗೂ ಬನ್ನಿ.

ಹಾಗಾದರೆ ಏನು ಮಾಡಬೇಕು? ಎಲ್ಲಕ್ಕಿಂತ ಮೊದಲು, ಪಟ್ಟಿಯಾಗುವ ತನಕ ಯಾವ ಯಂತ್ರವನ್ನೂ, ಯಾವ ಎರಕವನ್ನೂ ತೂಕಕ್ಕೆ ಮಾರುವುದಿಲ್ಲವೆಂಬ ಒಂದು ಸಾಲಿನ ಆದೇಶ ಹೊರಡಲಿ. ದಿಬ್ಬಗಳ ಹರಾಜಿನ ಷರತ್ತುಗಳಲ್ಲಿಯೇ ಅದನ್ನು ಸೇರಿಸಲಿ. ಗುತ್ತಿಗೆ ಹಿಡಿದವರ ಲಾರಿ, ಜೆಸಿಬಿ ಓಡಾಡತೊಡಗಿದ ಮೇಲೆ ಹಳೆಯ ಅಡಿಪಾಯ ಯಾವುದು, ಕಸ ಯಾವುದು ಎಂದು ಬೇರೆ ಮಾಡುವವರು ಇರುವುದಿಲ್ಲ. ಕಾವಲೂ ಗಟ್ಟಿಯಾಗಬೇಕು. 2020ರಲ್ಲಿ ಮಾರಿಕುಪ್ಪಂನಲ್ಲಿ ಮುಚ್ಚಿದ ಶಾಫ್ಟಿಗೆ ಕಳ್ಳತನಕ್ಕೆಂದು ಇಳಿದ ಮೂವರು ಜೀವ ಕಳೆದುಕೊಂಡದ್ದನ್ನು ನೀವೂ ಓದಿದ್ದೀರಿ. ಕೆಲಸ ಕಳೆದುಕೊಂಡ ಊರಿನಲ್ಲಿ ಕಬ್ಬಿಣಕ್ಕೂ ಹಿತ್ತಾಳೆಗೂ ಕೈ ಹಾಕುವ ಬಡತನವಿದೆ. ಅದನ್ನು ಪೊಲೀಸರಿಂದ ಮಾತ್ರ ತಡೆಯಲಾಗದು. ಕಾಯುವ ಕೆಲಸವನ್ನೂ ಜೋಪಾನ ಮಾಡುವ ಕೆಲಸವನ್ನೂ ಸಂಬಳ ಕೊಟ್ಟು ಆ ಊರಿನ ಮಕ್ಕಳಿಗೇ ವಹಿಸಿ.

ಪಟ್ಟಿ ಮಾಡುವಾಗ ನೇಮ್‌ಪ್ಲೇಟ್ ಇರುವುದನ್ನು ಮಾತ್ರ ಬರೆದುಕೊಂಡು ಹೋಗಬೇಡಿ. ಒಂದು ನಟ್ಟನ್ನೂ ನೋಡಿ. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಎಂಬಾತ ಸ್ಕ್ರೂ ಮರೆಗೆ, ಅಂದರೆ ಅದರ ಸುರುಳಿ ಹಲ್ಲಿಗೆ, ಒಂದು ಅಳತೆ ಗೊತ್ತುಮಾಡಿದ. ಬ್ರಿಟಿಷರ ಯಂತ್ರಗಳಲ್ಲಿ ಹೆಚ್ಚಿನವು ಅದನ್ನೇ ಪಾಲಿಸಿದವು. ಅದರ ಹಲ್ಲಿನ ಕೋನ 55 ಡಿಗ್ರಿ. ನಾವು ಇಂದು ಬಳಸುವ ಮೆಟ್ರಿಕ್ ಮರೆಯದು 60 ಡಿಗ್ರಿ. ಇಂದಿನ ಸ್ಪ್ಯಾನರ್ ಹಾಕಿ ತಿರುವಿದರೆ ಹಳೆಯ ನಟ್ಟಿನ ಮೂಲೆ ಕಿತ್ತುಬರುತ್ತದೆ. ಮರೆ ಅಳೆದರೆ ಅದು ಯಾವ ಕಾಲದ್ದು, ಯಾರು ಮಾಡಿರಬಹುದು, ರಿಪೇರಿಯಾದದ್ದು ಯಾವಾಗ ಎಂದು ಬಹಳ ಮಟ್ಟಿಗೆ ಹೇಳಬಹುದು. ಒಂದೇ ಯಂತ್ರದಲ್ಲಿ ಎರಡೂ ಬಗೆಯ ಬೋಲ್ಟು ಕಂಡರೆ ಅದು ಸ್ವಾತಂತ್ರ್ಯದ ಆಚೆ ಈಚೆ ಎರಡೂ ಕಾಲದಲ್ಲಿ ದುಡಿದಿರಬಹುದು. ಇಂಥದ್ದನ್ನು ಬರೆದುಕೊಳ್ಳಲು ಇತಿಹಾಸಕಾರರ ಜೊತೆ ಒಬ್ಬ ಫಿಟ್ಟರ್, ಒಬ್ಬ ಮೋಲ್ಡರ್ ಇರಲೇಬೇಕು. ಟೆಂಡರ್ ಕರೆದು ಯಾವುದೋ ಕನ್ಸಲ್ಟೆನ್ಸಿಗೆ ಒಪ್ಪಿಸಿದರೆ ಬರುವುದು ಬಣ್ಣದ ಫೋಟೊಗಳ ಒಂದು ಪುಸ್ತಕ, ಅಷ್ಟೇ.

ಮರದ ಪ್ಯಾಟರ್ನುಗಳ ವಿಷಯ ನನಗೆ ಎಲ್ಲಕ್ಕಿಂತ ಹತ್ತಿರದ್ದು. ಕಬ್ಬಿಣ ತುಕ್ಕು ಹಿಡಿದರೂ ನಿಲ್ಲುತ್ತದೆ, ಮರ ಗೆದ್ದಲಿಗೆ ಹೋಗುತ್ತದೆ. ನಾಡಿನ ಹಳೆಯ ಫೌಂಡ್ರಿಗಳಲ್ಲಿ ಬಾಗಿಲು ಹಾಕುವ ದಿನ ಪ್ಯಾಟರ್ನುಗಳನ್ನು ಸೌದೆ ಲೆಕ್ಕದಲ್ಲಿ ಹೊತ್ತುಕೊಂಡು ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದೊಂದಕ್ಕೂ ನಂಬರ್ ಇರುತ್ತದೆ, ಕುಗ್ಗುವ ಲೆಕ್ಕ ಸೇರಿಸಿ ಮಾಡಿದ ಅಳತೆ ಅದರಲ್ಲೇ ಅಡಗಿರುತ್ತದೆ. ಕೆಜಿಎಫ್ ವರ್ಕ್‌ಶಾಪಿನ ಪ್ಯಾಟರ್ನು, ಡ್ರಾಯಿಂಗು, ಜಾಬ್ ಕಾರ್ಡು, ಸ್ಟೋರ್ ಲೆಡ್ಜರು ಎಲ್ಲಿ ಎಷ್ಟು ಸಿಗುತ್ತದೋ ಅಷ್ಟನ್ನೂ ಈಗಲೇ ಒಣ ಜಾಗಕ್ಕೆ ಸಾಗಿಸಿ ಸ್ಕ್ಯಾನ್ ಮಾಡಿಸಿ. ಕಾಗದಗಳನ್ನು ರಾಜ್ಯ ಪತ್ರಾಗಾರ ಇಲಾಖೆ ನೋಡಿಕೊಳ್ಳಲಿ, ಪ್ಯಾಟರ್ನುಗಳನ್ನು ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದವರು ಮುಂದೆ ಬಂದು ಪರಿಶೀಲಿಸಲಿ. ಆದರೆ ಯಂತ್ರಗಳನ್ನು ಮಾತ್ರ ಬೆಂಗಳೂರಿಗೆ ಎತ್ತಿಕೊಂಡು ಹೋಗಬೇಡಿ. ವೈಂಡರ್ ಒಂದು ಕಡೆ, ಅದರ ಶಾಫ್ಟ್ ಇನ್ನೊಂದು ಕಡೆ ಇದ್ದರೆ ನೋಡುವವರಿಗೆ ಅರ್ಥವಾಗುವುದು ಏನೂ ಇಲ್ಲ. ಒಂದು ಶಾಫ್ಟ್, ಅದರ ಮೇಲೆ ಹಗ್ಗದ ಗಾಲಿಗಳನ್ನು ಹೊತ್ತ ಗೋಪುರ, ಅಂದರೆ ಹೆಡ್‌ಗೇರ್, ಅದರ ವೈಂಡರ್ ಮನೆ, ಒಂದು ವರ್ಕ್‌ಶಾಪ್, ಇಷ್ಟನ್ನು ಇದ್ದಲ್ಲೇ, ಇದ್ದ ಹಾಗೆಯೇ ಉಳಿಸಿ. ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ರೈಲಿದೆ, ಬರುವವರು ಬರುತ್ತಾರೆ.

ಇನ್ನೊಂದು ಆಸೆಯೂ ಇದೆ. ಬೆಳಗಾವಿ, ಶಿವಮೊಗ್ಗ, ಹರಿಹರ, ಹುಬ್ಬಳ್ಳಿಗಳಲ್ಲಿ ಇಂದಿಗೂ ಫೌಂಡ್ರಿಗಳು ನಡೆಯುತ್ತಿವೆ. ಬೆಳಗಾವಿಯಂತೂ ದೇಶದ ಹೆಸರಾದ ಎರಕದ ಕೇಂದ್ರಗಳಲ್ಲಿ ಒಂದು. ಲಕ್ಷ್ಮಣರಾವ್ ಕಿರ್ಲೋಸ್ಕರ್ ಕಬ್ಬಿಣದ ನೇಗಿಲು, ಮೇವು ಕತ್ತರಿಸುವ ಯಂತ್ರ ಮಾಡತೊಡಗಿದ್ದು ಅದೇ ಊರಿನಲ್ಲಿ. ವಿಶ್ವೇಶ್ವರಯ್ಯನವರ ಕನಸಿನ ಭದ್ರಾವತಿ ಕಾರ್ಖಾನೆ 1923ರಲ್ಲಿ ಇದ್ದಿಲಿನಿಂದ ಬೀಡು ತೆಗೆದದ್ದು, ಅಲ್ಲಿ ನೀರಿನ ಪೈಪುಗಳನ್ನು ಎರಕ ಹೊಯ್ದದ್ದು ನಮ್ಮ ಹಿರಿಯರ ನೆನಪಿನಲ್ಲಿದೆ. ಕಬ್ಬಿನ ಸೀಮೆಯ ಆಲೆಮನೆಗಳಲ್ಲಿ ಮರದ ಗಾಣ ಹೋಗಿ ಕಬ್ಬಿಣದ ಮೂರು ಉರುಳೆಯ ಗಾಣ ಬಂದದ್ದೂ ಇದೇ ಎರಕದ ಕಥೆಯ ಇನ್ನೊಂದು ಅಧ್ಯಾಯ. ಆ ಹಳೆಯ ಗಾಣಗಳು ಇಂದಿಗೂ ಎಷ್ಟೋ ಹಿತ್ತಲುಗಳಲ್ಲಿ ಬಿದ್ದಿವೆ. ಕೆಜಿಎಫ್‌ನಲ್ಲಿ ಉಳಿಸಿಕೊಂಡ ಒಂದು ಸ್ಟಾಂಪ್ ಮಿಲ್ಲಿಗೋ ಪಂಪಿಗೋ ಕಳೆದುಹೋದ ಭಾಗವನ್ನು, ಅಲ್ಲಿಯದೇ ಪ್ಯಾಟರ್ನಿನಿಂದ, ಬೆಳಗಾವಿಯದೋ ಶಿವಮೊಗ್ಗದ್ದೋ ಒಂದು ಫೌಂಡ್ರಿ ಹೊಯ್ದುಕೊಡಲಿ. ಐಟಿಐ ಮತ್ತು ಪಾಲಿಟೆಕ್ನಿಕ್ ಮಕ್ಕಳು ಪಕ್ಕದಲ್ಲಿ ನಿಂತು ನೋಡಲಿ. ಕಂಪ್ಯೂಟರಿನಲ್ಲಿ ಅಚ್ಚು ಬಿಡಿಸುವುದನ್ನು ಅವರು ಕಲಿತಿದ್ದಾರೆ, ಸವೆದ ಭಾಗವನ್ನು ಓದುವುದನ್ನು ಅವರಿಗೆ ಯಾರೂ ಕಲಿಸಿಲ್ಲ.

ಕೊನೆಯದಾಗಿ ಜನ. ಗಣಿ ನಿಂತಾಗ ಕೆಲಸದಲ್ಲಿದ್ದ ಮೋಲ್ಡರು, ಟರ್ನರು, ಫಿಟ್ಟರು, ವೈಂಡರ್ ಡ್ರೈವರುಗಳಲ್ಲಿ ಕಿರಿಯರೂ ಈಗ ಅರವತ್ತರ ಆಸುಪಾಸಿನಲ್ಲಿದ್ದಾರೆ, ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅವರ ಮಾತನ್ನು ದಾಖಲು ಮಾಡಿ, ಅವರವರ ಭಾಷೆಯಲ್ಲೇ ಮಾಡಿ. ಕೆಜಿಎಫ್‌ನ ವರ್ಕ್‌ಶಾಪ್ ಮಾತಾಡಿದ್ದು ಹೆಚ್ಚಾಗಿ ತಮಿಳು, ಜೊತೆಗೆ ತೆಲುಗು, ಕನ್ನಡ, ಒಂದಿಷ್ಟು ಇಂಗ್ಲಿಷ್. ಕನ್ನಡದವನಾಗಿಯೇ ಹೇಳುತ್ತೇನೆ, ಅಲ್ಲಿನ ಹಿರಿಯರ ತಮಿಳು ಮಾತೂ ಈ ನಾಡಿನ ಚರಿತ್ರೆಯೇ. ಮೊದಲು ತಮಿಳಿನಲ್ಲೇ ಬರೆದುಕೊಂಡು ಆಮೇಲೆ ಕನ್ನಡಕ್ಕೆ ತನ್ನಿ. ಕ್ಯಾಮೆರಾ ಹಿಡಿದು ಹೋಗುವವರು ಅವರನ್ನು ಮನೆಯಲ್ಲಿ ಕೂರಿಸಿ ಪ್ರಶ್ನೆ ಕೇಳದೆ ಯಂತ್ರದ ಮುಂದೆ ನಿಲ್ಲಿಸಲಿ. ಬಾಯಿ ಮರೆತದ್ದನ್ನು ಕೈ ನೆನಪಿಸಿಕೊಡುತ್ತದೆ. ಗಣಿಯಲ್ಲಿ ದುಡಿದ ಹಿರಿಯರೇ, ನಿಮ್ಮಲ್ಲಿಯೂ ಒಂದು ಬೇಡಿಕೆ. ನಿಮ್ಮ ಟೂಲ್ ಬಾಕ್ಸು, ಸ್ಕೇಲು, ಹಳೆಯ ಪಾಸು, ಅಪ್ರೆಂಟಿಸ್ ದಿನಗಳ ನೋಟ್‌ಬುಕ್ಕು, ಯಾವುದನ್ನೂ ಹಳೇ ಪೇಪರಿನವನಿಗೆ ಕೊಡಬೇಡಿ.

ಮಾನ್ಯ ಸಚಿವರೇ, ಮುಖ್ಯಮಂತ್ರಿಗಳೇ, ಇದಕ್ಕೆ ಬೇಕಾಗುವ ಹಣ ದೊಡ್ಡದಲ್ಲ. ಸುಮಾರು 800 ಟನ್ ಚಿನ್ನ ಕೊಟ್ಟ ನೆಲವದು. ದಿಬ್ಬಗಳಿಂದ ಮುಂದೆ ಬರುವ ಆದಾಯದಲ್ಲಿ ಒಂದು ಸಣ್ಣ ಪಾಲನ್ನು ಯಂತ್ರಗಳಿಗೆಂದು ಕಾದಿರಿಸಿದರೆ ಸಾಕು. ಕೇಂದ್ರದ ಸೊತ್ತೋ ರಾಜ್ಯದ ಜಮೀನೋ ಎಂಬ ಪತ್ರ ವ್ಯವಹಾರ ನಡೆಯುತ್ತಲೇ ಇರಲಿ, ಪಟ್ಟಿ ಮಾಡುವುದಕ್ಕೆ ಅದು ಅಡ್ಡ ಬರಬೇಕಾಗಿಲ್ಲ. ಎರಡೂ ಸರ್ಕಾರಗಳಿಂದ ಒಬ್ಬೊಬ್ಬ ಅಧಿಕಾರಿ, ಜೊತೆಗೆ ಕಸುಬು ಬಲ್ಲ ನಾಲ್ಕು ಜನ ಗೇಟಿನೊಳಗೆ ಹೋಗಲು ಒಂದು ಅನುಮತಿ ಪತ್ರ ಕೊಡಿ. ಪ್ಯಾಟರ್ನುಗಳನ್ನು ಗುರುತಿಸಿ, ಅಳೆದು, ನಂಬರ್ ಬರೆಯುವ ಕೆಲಸಕ್ಕೆ ನಾನು ಬರುತ್ತೇನೆ. ನನ್ನ ಹಾಗೆ ಬರಲು ಸಿದ್ಧರಿರುವ ಹಳೆಯ ಕೈಗಳು ಬೆಳಗಾವಿಯಲ್ಲೂ ಶಿವಮೊಗ್ಗದಲ್ಲೂ ಭದ್ರಾವತಿಯಲ್ಲೂ ಇವೆ. ಕೂಲಿ ಬೇಡ, ಬಸ್ ಚಾರ್ಜು ನಮ್ಮದೇ. ಮಳೆಗಾಲಕ್ಕೆ ಮುಂಚೆ ಕರೆದರೆ ಒಳ್ಳೆಯದು, ಸೋರುವ ಸೂರಿನಡಿ ಮರ ಇನ್ನೊಂದು ಮಳೆ ತಡೆಯುವುದಿಲ್ಲ.

ಇಂತಿ,
ನಿವೃತ್ತ ಪ್ಯಾಟರ್ನ್ ಮೇಕರ್, ಶಿವಮೊಗ್ಗ